ರಂಗಶಿಕ್ಷಣ: ಸಮಾಸ ಬಿಡಿಸಿ ನೋಡಿ

ಹೋದ ವಾರ ವಾಟ್ಸಾಪಲ್ಲಿ ಮತ್ತೊಂದು ಪೋಸ್ಟರ್ ಬಂತು, "ಶಾಲಾ ಮಕ್ಕಳಿಗೆ 3 ದಿನಗಳ ರಂಗಶಿಕ್ಷಣ ಕಾರ್ಯಾಗಾರ" ಅಂತ, ವಿವರ ಓದಿದ್ರೆ ಸ್ಕೂಲ್ ಡೇ ನಾಟಕಕ್ಕೆ ಪ್ರಾಕ್ಟೀಸು. ಮಕ್ಕಳ ಕೈಲಿ ನಾಟಕ ಮಾಡಿಸೋದು ಒಳ್ಳೇ ಕೆಲಸಾನೇ, ಆದ್ರೆ ಅದಕ್ಕೆ ತಾಲೀಮು ಅನ್ನೋ ಚೆಂದದ ಪದ ಇದೆಯಲ್ಲ, ಅದನ್ನೇ ಹಾಕಿ.

ಗೊಂದಲ ಇರೋದು ಸಮಾಸದಲ್ಲಿ. ಹೈಸ್ಕೂಲಲ್ಲಿ ತತ್ಪುರುಷ ಬಿಡಿಸಿದ್ದು ನೆನಪಿರ್ಬೇಕು, ಎರಡು ಪದ ಕೂಡಿದಾಗ ನಡುವಿನ ವಿಭಕ್ತಿ ಪ್ರತ್ಯಯ ಬಿದ್ದುಹೋಗುತ್ತೆ, ಬಿದ್ದಿದ್ದು ಯಾವುದು ಅಂತ ನಾವೇ ಊಹಿಸ್ಕೋಬೇಕು. 'ರಂಗದ ಶಿಕ್ಷಣ' ಅಂತ ಬಿಡಿಸಿದ್ರೆ ಷಷ್ಠಿ, ಅಂದ್ರೆ ನಟನೆ, ಬೆಳಕು, ಪ್ರಸಾಧನ (ಮೇಕಪ್ಪು) ಎಲ್ಲ ಕಲಿಸೋದು, ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಮ್‌ನಲ್ಲಿ 1980ರಿಂದ ನಡೀತಿರೋದು ಇದು. 'ರಂಗದಿಂದ ಶಿಕ್ಷಣ' ಅಂತ ಬಿಡಿಸಿದ್ರೆ ತೃತೀಯಾ. ಇಲ್ಲಿ ಮಗು ಕಲಿಯೋದು ವಿಜ್ಞಾನ, ಸಮಾಜ, ಗಣಿತ, ರಂಗಭೂಮಿ ಅದಕ್ಕೊಂದು ಸಲಕರಣೆ. ಕ್ಲಾಸ್‌ರೂಮಿನ ಮಾತು ಬಂದಾಗ ಬೇಕಿರೋದು ಈ ಎರಡನೇ ಅರ್ಥ. ಪೋಸ್ಟರಿನ ಪ್ರಾಕ್ಟೀಸು ಎರಡರಲ್ಲೂ ಕೂರಲ್ಲ.

ಶಿಕ್ಷಣ ಅನ್ನೋ ಪದಾನೂ ಸ್ವಲ್ಪ ನೋಡಿ. ಶಕ್ತಿ, ಶಕ್ಯ ಎಲ್ಲ ಹುಟ್ಟಿದ ಸಂಸ್ಕೃತದ 'ಶಕ್' ಧಾತುವಿಗೆ ಆಸೆಯ ಅರ್ಥ ಸೇರಿದಾಗ 'ಶಿಕ್ಷ್' ಆಗುತ್ತೆ, ಅಂದ್ರೆ 'ನನ್ನ ಕೈಲಿ ಆಗ್ಬೇಕು' ಅನ್ನೋ ಹಂಬಲ. ಆ ಹಂಬಲ ಕಲಿಯೋನದು, ಕಲಿಸೋರದಲ್ಲ. ಇನ್ನು ನಮ್ಮ ಕನ್ನಡದ 'ಆಡು' ತಗೊಳ್ಳಿ, ಚೆಂಡಾಡೋದೂ ಆಡೋದೇ, ಮಾತಾಡೋದೂ ಆಡೋದೇ, ಕರಾವಳಿ ಕಡೆ ಯಕ್ಷಗಾನಕ್ಕೇ ಆಟ ಅಂತಾರೆ. ಆಟ, ಮಾತು, ಅಭಿನಯ ಮೂರೂ ಒಂದೇ ಕ್ರಿಯಾಪದದಲ್ಲಿ ಇಟ್ಕೊಂಡಿರೋ ಭಾಷೆಯವರು ನಾವು, ನಮಗೆ ರಂಗದಿಂದ ಕಲಿಯೋದು ಹೊರಗಿನ ವಿಚಾರ ಅನ್ನಿಸಬಾರದು.

ನಾನು ಕಣ್ಣಾರೆ ನೋಡಿದ ಒಂದು ಪೀರಿಯಡ್ ಹೇಳ್ತೀನಿ. ಏಳನೇ ಕ್ಲಾಸು, ಅಂತರ್ಜಲದ ಪಾಠ. ಟೀಚರ್ ಹೊರಗೆ ಹೋಗಿ ಹೆಗಲಿಗೊಂದು ಬ್ಯಾಗ್ ಏರಿಸ್ಕೊಂಡು ವಾಪಸ್ ಬಂದ್ರು. "ತಾಲ್ಲೂಕ್ ಆಫೀಸಿಂದ ಬಂದಿದೀನಿ, ನಿಮ್ಮೂರ ಕೆರೆ ಮುಚ್ಚಿ ಬಸ್ ಸ್ಟ್ಯಾಂಡ್ ಮಾಡ್ಬೇಕು ಅಂತಿದೆ, ಊರೋರು ಏನಂತೀರಿ?" ಮೊದಲು ಮುಸಿಮುಸಿ ನಗು, ಆಮೇಲೆ ಬಸ್ ಸ್ಟ್ಯಾಂಡ್ ಬೇಕು ಅನ್ನೋರು ಒಂದಷ್ಟು ಜನ, ಬೇಡ ಅನ್ನೋರು ಒಂದಷ್ಟು ಜನ. ಹಿಂದಿನ ಬೆಂಚಿಂದ ಒಬ್ಬ ಹುಡುಗ ಎದ್ದು, "ಮೇಡಮ್ನೋರೆ, ಕೆರೆ ಒಣಗಿದ್ ವರ್ಷ ನಮ್ ಬೋರ್ ನಿಂತೋಗಿತ್ತು, ಮುಚ್ಚಿಬಿಟ್ರೆ ಏನ್ ಮಾಡೋದು?" ಅಂದ. ದಿನಾ ಮಿಸ್ ಅನ್ನೋ ಹುಡುಗ ಮೇಡಮ್ನೋರೆ ಅಂದ! ಕೆರೆಗೂ ಬೋರಿಗೂ ಏನು ಸಂಬಂಧ ಅನ್ನೋದೇ ಅವತ್ತಿನ ಪಾಠ, ಅದನ್ನ ಅವನೇ ತಂದಿಟ್ಟ. ಟೀಚರ್ ಬ್ಯಾಗ್ ಇಳಿಸಿ, ಬೋರ್ಡಿನ ಕಡೆ ತಿರುಗಿ ಕೆರೆ ಬರೆಯೋಕೆ ಶುರು ಮಾಡಿದ್ರು. ವೇಷ ಇಲ್ಲ, ಬಾಯಿಪಾಠ ಇಲ್ಲ, ನೋಡೋಕೆ ಪ್ರೇಕ್ಷಕರೂ ಇಲ್ಲ, ಮೂಲೇಲಿ ಕೂತಿದ್ದ ನನ್ನನ್ನ ಬಿಟ್ರೆ.

ಟಿಐಇ (ಥಿಯೇಟರ್ ಇನ್ ಎಜುಕೇಶನ್) ಅಂತಾರಲ್ಲ, ಅದು ಇದರ ಇನ್ನೊಂದು ಕವಲು, ನಟರ ತಂಡವೇ ಶಾಲೆಗೆ ಹೋಗಿ ಮಕ್ಕಳನ್ನ ಸೇರಿಸ್ಕೊಂಡು ಮಾಡೋದು. ಇಂಗ್ಲೆಂಡಿನ ಕೊವೆಂಟ್ರಿಯ ಬೆಲ್‌ಗ್ರೇಡ್ ಥಿಯೇಟರ್ 1965ರಲ್ಲಿ ಶುರು ಮಾಡಿದ್ದು, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ಎನ್‌ಎಸ್‌ಡಿ 1989ರಲ್ಲಿ ಇದಕ್ಕಂತಲೇ ಒಂದು ತಂಡ ಕಟ್ತು.

ಕುಣಿಸಿದ್ದೆಲ್ಲ ರಂಗಶಿಕ್ಷಣ ಅನ್ನೋದೂ ತಪ್ಪು. ಘನ, ದ್ರವ, ಅನಿಲ ತೋರಿಸ್ತೀವಿ ಅಂತ ಮಕ್ಕಳನ್ನ ಕಣಗಳು ಮಾಡಿ "ನೀನಿಲ್ಲಿ ನಿಲ್ಲು, ನೀನಲ್ಲಿ ಓಡು" ಅಂದ್ರೆ ಅದು ಡ್ರಿಲ್ಲು. "ಈಗ ನಿಮ್ಮನ್ನ ಬಿಸಿ ಮಾಡ್ತಿದೀನಿ, ಏನ್ಮಾಡ್ತೀರಿ?" ಅಂತ ಕೇಳಿ ಸುಮ್ಮನೆ ನಿಂತ್ಕೊಳ್ಳಿ. ಪಕ್ಕದ ಕಣದ ಕೈ ಹಿಡ್ಕೊಂಡಿದ್ದನ್ನ ಬಿಡಬೇಕೋ ಬೇಡವೋ ಅಂತ ಅವರವರಲ್ಲೇ ಜಗಳ ಶುರುವಾಗುತ್ತೆ, ಆ ಜಗಳ ಮುಗಿಯೋವರೆಗೂ ಉತ್ತರ ಹೇಳೋಕೆ ಹೋಗ್ಬೇಡಿ.