ಓಡುವಾಗ ರಕ್ತನಾಳದೊಳಗೆ ಏನಾಗುತ್ತದೆ?

ಕಾರವಾರದ ಟ್ಯಾಗೋರ್ ಬೀಚಿನಲ್ಲಿ ಬೆಳಿಗ್ಗೆ ಓಡುವವರ ಮಾತೆಲ್ಲ ಮಂಡಿ ಮತ್ತು ಶೂ ಬಗ್ಗೆ. ರಕ್ತನಾಳದ ಸುದ್ದಿ ಯಾರೂ ಎತ್ತುವುದಿಲ್ಲ. ಶರೀರಶಾಸ್ತ್ರ ಓದುವವರಿಗೆ ಮಾತ್ರ ಅದೇ ಮುಖ್ಯ ಭಾಗ.

ನಾಳದ ಒಳಮೈಗೆ ಜೀವಕೋಶಗಳ ಒಂದೇ ಒಂದು ಪದರ ಇದೆ. ಹೆಸರು ಎಂಡೋಥೀಲಿಯಂ. ಓಡುವಾಗ ರಕ್ತ ಜೋರಾಗಿ ಹರಿದು ಈ ಪದರವನ್ನು ಉಜ್ಜುತ್ತದೆ. ಆಗ ಕೋಶಗಳು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬಿಡುತ್ತವೆ. ಅದು ನಾಳದ ಗೋಡೆಯ ಸ್ನಾಯುವಿಗೆ ನುಸುಳಿ ಸಡಿಲಿಸುತ್ತದೆ, ನಾಳ ಅಗಲವಾಗುತ್ತದೆ. (ಈ ಅನಿಲದ ಪಾತ್ರ ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಅವರಿಗೆ 1998ರ ನೊಬೆಲ್. ಒಂದು ಅಂಕದ ಪ್ರಶ್ನೆಗೆ ಇಷ್ಟು ಸಾಕು.) ತಪ್ಪದೆ ಓಡುತ್ತಿದ್ದರೆ ಈ ಅನಿಲ ತಯಾರಿಸುವ ಕಿಣ್ವವೇ ಜಾಸ್ತಿಯಾಗುತ್ತದೆ.

ಇನ್ನೊಂದು, ನಾಳದ ಬಿಗಿತ. ವಯಸ್ಸಾದಂತೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಅಂದರೆ ಮಹಾಪಧಮನಿ, ಗಡುಸಾಗುತ್ತದೆ, ಮೇಲಿನ ಬಿಪಿ ಏರುತ್ತದೆ. ಲಂಡನ್ ಮ್ಯಾರಥಾನ್‌ಗೆ ಮೊದಲ ಸಲ ತಯಾರಾದ 138 ಜನರ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಸುಮಾರು 6 ತಿಂಗಳ ಅಭ್ಯಾಸದ ಬಳಿಕ ಮೇಲಿನ ಬಿಪಿ 4, ಕೆಳಗಿನದು 3 ಪಾಯಿಂಟ್ ಇಳಿದಿತ್ತು. ಮಹಾಪಧಮನಿಯ ವಯಸ್ಸು ಸುಮಾರು 4 ವರ್ಷ ಕಡಿಮೆಯಾದಂತೆ ಕಂಡಿತು. ಜಾಸ್ತಿ ಲಾಭ ಯಾರಿಗೆ ಗೊತ್ತಾ? ವಯಸ್ಸಾದವರಿಗೆ, ನಿಧಾನವಾಗಿ ಓಡಿದವರಿಗೆ! ವೇಗದ ಬಗ್ಗೆ ಕೊಚ್ಚಿಕೊಳ್ಳುವವರು ಇದನ್ನು ಓದಬೇಕು. ಆದರೆ ಓಡದವರ ಗುಂಪಿನ ಜೊತೆ ಹೋಲಿಸಿರಲಿಲ್ಲ ಎಂಬುದನ್ನೂ ಬರೆದುಕೊಳ್ಳಿ.

ನಮ್ಮ ಕರಾವಳಿಯ ಸೆಕೆಯದು ಬೇರೆ ಲೆಕ್ಕ. ಘಟ್ಟದ ಮೇಲೆ ಶಿರಸಿಯ ತಂಪಿನಲ್ಲಿ ಆರಾಮಾಗಿ ಓಡಿದ ವೇಗಕ್ಕೇ ಕಾರವಾರದಲ್ಲಿ ಎದೆಬಡಿತ ಏರುತ್ತದೆ. ಇಲ್ಲಿ ಬೆವರು ಆರುವುದಿಲ್ಲ, ಅಲ್ವಾ? ಮೈ ತಂಪಾಗಲು ಚರ್ಮದ ನಾಳಗಳು ಹಿಗ್ಗಿ ಅತ್ತ ರಕ್ತ ಹೋಗುತ್ತದೆ. ಸ್ನಾಯುಗಳಿಗೂ ಬೇಕು, ಚರ್ಮಕ್ಕೂ ಬೇಕು. ಹಾಗಾಗಿ ವಾಚ್ ನೋಡಿ ಓಡಬೇಡಿ, ಪಕ್ಕದವರ ಜೊತೆ ಮಾತಾಡಲು ಉಸಿರು ಉಳಿಯುವಷ್ಟು ಓಡಿ. ಮುಗಿದ ಕೂಡಲೇ ಗಕ್ಕನೆ ನಿಲ್ಲಲೂಬಾರದು. ಹಿಗ್ಗಿದ ನಾಳಗಳಿಂದಾಗಿ ರಕ್ತ ಕಾಲಿನಲ್ಲೇ ಉಳಿದು ತಲೆ ತಿರುಗಬಹುದು. ಸ್ವಲ್ಪ ಹೊತ್ತು ನಡೆಯಿರಿ.

ವರ್ಷಗಟ್ಟಲೆ ತುಂಬಾ ದೂರ ಓಡಿದ ಕೆಲವು ಮಧ್ಯವಯಸ್ಸಿನ ಗಂಡಸರ ಹೃದಯದ ನಾಳಗಳಲ್ಲಿ ಕ್ಯಾಲ್ಸಿಯಂ ಜಾಸ್ತಿ ಕಂಡಿದೆ. ಅದರ ಅರ್ಥವೇನು ಎಂಬುದು ಇನ್ನೂ ಚರ್ಚೆಯಲ್ಲಿದೆ. ಓಡುತ್ತೇನಲ್ಲ ಎಂದು ಬಿಪಿ ಮಾತ್ರೆ ಬಿಡುವುದು, ಎದೆನೋವನ್ನು ಗ್ಯಾಸ್ ಎಂದು ತಳ್ಳಿಹಾಕುವುದು, ಎರಡೂ ಬೇಡ.