ಬಿಳಿ ಕೂದಲನ್ನು ಮುಚ್ಚದೆ ಬೆರೆಸಬಹುದಾ?

ಪ್ರಶ್ನೆ: ನನಗೆ 61 ವರ್ಷ. ತುಂಬಾ ವರ್ಷಗಳಿಂದ ತಲೆಗೆ ಕಪ್ಪು ಡೈ ಹಚ್ಚುತ್ತಿದ್ದೇನೆ. ಮೂರನೇ ವಾರಕ್ಕೇ ಬೈತಲೆಯಲ್ಲಿ ಬಿಳಿ ಗೆರೆ ಕಾಣುತ್ತದೆ. ಬಿಟ್ಟುಬಿಡೋಣ ಎಂದರೆ ತಲೆ ಅರ್ಧ ಬಿಳಿ, ಅರ್ಧ ಕಪ್ಪಾದೀತೆಂಬ ಅಳುಕು. ಹೈಲೈಟ್, ಲೋಲೈಟ್ ಮಾಡಿಸಿದರೆ ಬೆರೆತುಹೋಗುತ್ತದೆ ಅಂತಾರೆ. ನಿಜವಾ?

ಉತ್ತರ: ನಿಜ. ಆದರೆ ನಿಮ್ಮ ವಿಷಯದಲ್ಲಿ ಬಿಳಿ ಕೂದಲಿಗಿಂತ ಹಳೆಯ ಡೈಯೇ ದೊಡ್ಡ ತೊಡಕು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಹುಟ್ಟಿನ ಕಪ್ಪಿನಲ್ಲಿ ಕಂದಿನ ಛಾಯೆಗಳು ಅಲ್ಲಲ್ಲಿ ಇರುತ್ತವೆ. ಡೈ ಎಲ್ಲವನ್ನೂ ಒಂದೇ ಕಪ್ಪು ಮಾಡುತ್ತದೆ. ಅದರ ಪಕ್ಕದಲ್ಲಿ ಅರ್ಧ ಸೆಂಟಿಮೀಟರ್ ಬಿಳಿ ಬಂದರೂ ಎದ್ದು ಕಾಣುತ್ತದೆ. ಆ ಗಡಿಯನ್ನು ಮಸುಕು ಮಾಡುವುದೇ ಇಲ್ಲಿಯ ಕೆಲಸ.

ಹೈಲೈಟ್ ಎಂದರೆ ತೆಳು ಎಳೆಗಳನ್ನು ಬ್ಲೀಚ್ ಮಾಡಿ ತಿಳಿಗೊಳಿಸುವುದು. ಲೋಲೈಟ್ ಎಂದರೆ ಬಿಳಿಯ ನಡುವೆ ಕೆಲವೇ ಎಳೆಗಳಿಗೆ ಕಡು ಬಣ್ಣ ಕೊಡುವುದು. ಯಾವುದು ಬೇಕು? ಒಂದೆರಡು ತಿಂಗಳು ಡೈ ಹಚ್ಚದೆ ಬೇರು ನೋಡಿ. ಅರ್ಧಕ್ಕಿಂತ ಕಡಿಮೆ ಬಿಳಿಯಿದ್ದರೆ ಹೈಲೈಟ್ ಹೊಂದುತ್ತದೆ. ಜಾಸ್ತಿ ಇದ್ದರೆ ಲೋಲೈಟ್ ಸಾಕು. ಎಷ್ಟೋ ಜನರಿಗೆ ಮುಂದೆ, ಕಿವಿಯ ಪಕ್ಕ ಪೂರ್ತಿ ಬಿಳಿ, ಹಿಂದೆ ಇನ್ನೂ ಕಪ್ಪು. ಅಂಥವರಿಗೆ ಎರಡೂ ಬೇಕಾಗಬಹುದು.

ಲೋಲೈಟ್‌ಗೆ ಮತ್ತೆ ಕಪ್ಪನ್ನೇ ಆರಿಸಬೇಡಿ, ದಯವಿಟ್ಟು. ಬೂದು ಬೆರೆತ ಕಂದು ಕೇಳಿ. ಅದೂ ಡೆಮಿ ಪರ್ಮನೆಂಟ್ ಇರಲಿ. ಸುಮಾರು 20-25 ಸಲ ತಲೆ ತೊಳೆಯುವಷ್ಟರಲ್ಲಿ ನಿಧಾನವಾಗಿ ಮಾಸುತ್ತದೆ, ಗೆರೆ ಅಷ್ಟಾಗಿ ಉಳಿಯುವುದಿಲ್ಲ.

ಹೈಲೈಟ್ ವಿಷಯದಲ್ಲಿ ತಾಳ್ಮೆ ಬೇಕು. ಹಚ್ಚಿದ ಕಪ್ಪನ್ನು ತಿಳಿ ಬಣ್ಣದ ಡೈ ತೆಗೆಯಲಾರದು, ಸಾಮಾನ್ಯವಾಗಿ ಬ್ಲೀಚ್ ಬೇಕಾಗುತ್ತದೆ. ನಮ್ಮ ಕಪ್ಪು ಕೂದಲು ತಿಳಿಯಾಗುವಾಗ ಮೊದಲು ಕೆಂಪು, ಆಮೇಲೆ ಕಿತ್ತಳೆ, ಕೊನೆಗೆ ಹಳದಿ. ಕಿತ್ತಳೆಯಲ್ಲೇ ನಿಲ್ಲಿಸಿದರೆ ಬಿಳಿಯ ಪಕ್ಕ ಒಪ್ಪುವುದಿಲ್ಲ. ಉಳಿದ ಕಿತ್ತಳೆಯನ್ನು ನೀಲಿ ಟೋನರ್ (ಛಾಯೆ ತಿದ್ದುವ ತೆಳು ಬಣ್ಣ), ಹಳದಿಯನ್ನು ನೇರಳೆ ಟೋನರ್ ತಣಿಸುತ್ತದೆ. ಒಂದೇ ದಿನದಲ್ಲಿ ಎಲ್ಲ ಮುಗಿಸುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿ. ವಯಸ್ಸಾದ ಕೂದಲು ಒಣಗಿರುತ್ತದೆ, ತೆಳ್ಳಗಾಗಿರುತ್ತದೆ. ನಡುವೆ ಕೆಲವು ವಾರ ಬಿಟ್ಟು ಎರಡು ಮೂರು ಸಲ ಮಾಡಿಸುವುದೇ ಲೇಸು.

ಮೆಹಂದಿ ಹಚ್ಚಿದ್ದರೆ ಮರೆಯದೆ ಹೇಳಿ, ಅದು ಹಿಂದಿನ ವರ್ಷದ್ದಾದರೂ ಸರಿ. ಕೆಲವು ಪುಡಿಗಳಲ್ಲಿ ಲೋಹದ ಲವಣ ಇರುತ್ತದೆ. ಅದರ ಮೇಲೆ ಬ್ಲೀಚ್ ಬಿದ್ದರೆ ಕೂದಲು ಬಿಸಿಯಾಗಿ ತುಂಡಾಗಬಹುದು. ನೀಲಿ (ಇಂಡಿಗೊ) ಗಿಡದ ಎಲೆಯ ಪುಡಿ ಬೆರೆಸಿ ಹಚ್ಚಿದ್ದರೆ ಹಸಿರು ಛಾಯೆ ಬರಬಹುದು. ಕಾಣದ ಕಡೆ ಒಂದು ಎಳೆಯ ಮೇಲೆ ಮೊದಲು ನೋಡಲು ಹೇಳಿ. ಬಣ್ಣದ ಪ್ಯಾಚ್ ಟೆಸ್ಟ್ (ಚರ್ಮಕ್ಕೆ ಸ್ವಲ್ಪ ಹಚ್ಚಿ ಅಲರ್ಜಿ ಇದೆಯೇ ಎಂದು ನೋಡುವುದು) ಕೂಡ 48 ಗಂಟೆ ಮೊದಲೇ ಆಗಲಿ. ಇಷ್ಟು ವರ್ಷ ಏನೂ ಆಗಿಲ್ಲ ಅಲ್ವಾ ಎನ್ನಬೇಡಿ. ಡೈಯಲ್ಲಿರುವ ಪಿಪಿಡಿ ಎಂಬ ರಾಸಾಯನಿಕದ ಅಲರ್ಜಿ ಎಷ್ಟೋ ವರ್ಷ ಬಳಸಿದ ಮೇಲೂ ಶುರುವಾಗಬಹುದು.

ಬ್ಲೀಚ್ ಬೇಡವೇ ಬೇಡ ಅನಿಸಿದರೆ ಇನ್ನೊಂದು ದಾರಿಯಿದೆ. ನನಗಂತೂ ಅದೇ ಜಾಸ್ತಿ ಇಷ್ಟ. ಕೂದಲನ್ನು ಹೆಗಲವರೆಗೆ ಕತ್ತರಿಸಿ, ಬೆಳೆದ ಬಿಳಿಯಲ್ಲಿ ಒಂದಿಷ್ಟು ಲೋಲೈಟ್ ಹಾಕಿಸಿ, ಹಳೆಯ ಡೈಯನ್ನು ತುದಿಯಿಂದ ಕತ್ತರಿಸುತ್ತಾ ಬನ್ನಿ. ಎರಡು ವರ್ಷ, ಅದಕ್ಕಿಂತ ಸ್ವಲ್ಪ ಜಾಸ್ತಿ ಹಿಡಿದೀತು. ಕೂದಲಿಗೆ ಪೆಟ್ಟು ಮಾತ್ರ ಬಹಳ ಕಡಿಮೆ.

ಆಮೇಲಿನ ಆರೈಕೆ ಸುಲಭ. ಬೋರ್‌ವೆಲ್ ನೀರಿಗೂ ಬಿಸಿಲಿಗೂ ಬಿಳಿ ಕೂದಲು ಹಳದಿಯಾಗುತ್ತದೆ. ವಾರಕ್ಕೊಮ್ಮೆ ನೇರಳೆ ಶಾಂಪೂ ಸಾಕು, ದಿನಾ ಹಾಕಿದರೆ ನೇರಳೆ ಬಣ್ಣವೇ ಅಂಟುತ್ತದೆ. ಸ್ನಾನಕ್ಕೆ ಮುಂಚೆ ಕೊಬ್ಬರಿ ಎಣ್ಣೆ ಹಚ್ಚಿ. ಬಣ್ಣದ ಗಿಡಮೂಲಿಕೆ ಎಣ್ಣೆಗಳು ಬಿಳಿ ಕೂದಲಿಗೆ ಕಲೆ ಹಿಡಿಸಬಹುದು, ಅವು ಬೇಡ. ಮೂರು ನಾಲ್ಕು ತಿಂಗಳಿಗೊಮ್ಮೆ ಪಾರ್ಲರ್‌ಗೆ ಹೋದರೆ ಸಾಕಾಗುತ್ತದೆ.