ಎರಡೂ ಪಕ್ಷದವರು ಬೈದರೆ ಪತ್ರಿಕೆ ನಿಷ್ಪಕ್ಷಪಾತಿಯೇ? ಸ್ಥಳೀಯ ವರದಿಗಳ ರಾಜಕೀಯ ಒಲವು ಕುರಿತ ಅಧ್ಯಯನ ಟಿಪ್ಪಣಿ

ಸ್ಥಳೀಯ ಪತ್ರಿಕೆಯ ಮೇಲೆ ಪಕ್ಷಪಾತದ ದೂರು ಬಂದಾಗಲೆಲ್ಲ ಕೇಳಿಬರುವ ಸಮರ್ಥನೆ ಒಂದಿದೆ: “ಆಡಳಿತ ಪಕ್ಷದವರೂ ನಮ್ಮನ್ನು ಬೈಯುತ್ತಾರೆ, ವಿರೋಧ ಪಕ್ಷದವರೂ ಬೈಯುತ್ತಾರೆ, ಆದ್ದರಿಂದ ನಾವು ಸರಿಯಾಗಿ ನಡುವೆ ಇದ್ದೇವೆ.” ಈ ವಿಷಯವನ್ನು ಓದಲು ಕುಳಿತಾಗ ನಾನೂ ಅದನ್ನು ನಂಬಿದ್ದೆ. ಆ ಮಾತು ಏಕೆ ನಿಲ್ಲುವುದಿಲ್ಲ ಎಂಬುದು ಮನಸ್ಸಿಗೆ ಇಳಿಯಲು ಮೂರು ದಿನ ಹಿಡಿಯಿತು; ಆದ್ದರಿಂದ ಟಿಪ್ಪಣಿಯ ಹೆಚ್ಚಿನ ಭಾಗ ಅದಕ್ಕೇ ಹೋಗಿದೆ.

ಮೊದಲು ವಿಂಗಡಣೆ. ಒಲವು ಮೂರು ಕಡೆ ಇರಬಹುದು: ಯಾವ ಸುದ್ದಿಯನ್ನು ಒಳಗೆ ಬಿಡಬೇಕೆಂಬ ಆಯ್ಕೆಯಲ್ಲಿ, ಯಾರಿಗೆ ಎಷ್ಟು ಜಾಗವೆಂಬ ಹಂಚಿಕೆಯಲ್ಲಿ, ಬರೆದ ಮಾತಿನ ಧಾಟಿಯಲ್ಲಿ. ಸಂಶೋಧಕರಾದ ಡಿ’ಅಲೆಸಿಯೊ ಮತ್ತು ಆಲೆನ್ 2000ರಲ್ಲಿ ಅಮೆರಿಕದ ಅಧ್ಯಕ್ಷೀಯ ಚುನಾವಣೆಗಳ ಕುರಿತ 59 ಅಧ್ಯಯನಗಳನ್ನು ಈ ಮೂರು ಬಗೆಯಲ್ಲಿಯೇ ಪರಿಶೀಲಿಸಿದರು. ಪತ್ರಿಕೆಗಳನ್ನೆಲ್ಲ ಒಟ್ಟಿಗೆ ನೋಡಿದಾಗ ಗಮನಾರ್ಹ ಒಲವು ಕಾಣಲಿಲ್ಲ. ಒಲವಿನ ಒಟ್ಟು ಸರಾಸರಿ ಸೊನ್ನೆಗೆ ಹತ್ತಿರವಿದೆ ಎಂದ ಮಾತ್ರಕ್ಕೆ ಪ್ರತಿಯೊಂದು ಪತ್ರಿಕೆಯೂ ಸೊನ್ನೆಯಲ್ಲಿದೆ ಎಂದು ಓದಿಕೊಳ್ಳಬಾರದು.

ನಾನು ಎಡವಿದ ಜಾಗ

1985ರಲ್ಲಿ ವಲೋನ್, ರಾಸ್ ಮತ್ತು ಲೆಪ್ಪರ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 144 ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. 1982ರ ಬೈರೂತ್ ಹತ್ಯಾಕಾಂಡದ (ಲೆಬನಾನಿನಲ್ಲಿ ಪ್ಯಾಲೆಸ್ತೀನಿ ನಿರಾಶ್ರಿತರ ಹತ್ಯೆ) ಕುರಿತ ಒಂದೇ ಟಿವಿ ವರದಿಗಳನ್ನು ಎಲ್ಲರಿಗೂ ತೋರಿಸಲಾಯಿತು. ಇಸ್ರೇಲ್ ಪರ ಇದ್ದವರಿಗೆ ಅವು ಇಸ್ರೇಲ್ ವಿರೋಧಿಯಾಗಿ ಕಂಡವು, ಅರಬ್ಬರ ಪರ ಇದ್ದವರಿಗೆ ಅವೇ ವರದಿಗಳು ಇಸ್ರೇಲ್ ಪರವಾಗಿ ಕಂಡವು. ವರದಿ ತಮಗೆ ಹಗೆಯಾಗಿದೆ ಎಂದು ಎರಡೂ ಕಡೆಯವರು ಗ್ರಹಿಸುವ ಈ ಪರಿಣಾಮವನ್ನು ಓದಿದ ಕೂಡಲೇ, ದೂರು ಇರುವುದು ಓದುಗರ ತಲೆಯಲ್ಲಿ ಮಾತ್ರ, ಪತ್ರಿಕೆಯಲ್ಲಿ ಏನೂ ಇಲ್ಲ ಎಂದು ನಾನು ಬರೆದುಕೊಂಡೆ. ಅದು ತಪ್ಪು. ಏಕೆಂಬುದನ್ನು ಒಂದು ಗೆರೆ ಎಳೆದು ನೋಡೋಣ.

ಗೆರೆಯ ನಡುವೆ ಸೊನ್ನೆ, ಅಂದರೆ ಯಾವ ಕಡೆಗೂ ಒಲವಿಲ್ಲದ ಜಾಗ, ಇರಲಿ. ಆಡಳಿತ ಪಕ್ಷದ ಕಟ್ಟಾ ಬೆಂಬಲಿಗ ಸೊನ್ನೆಯಿಂದ 8 ಹೆಜ್ಜೆ ಒಂದು ಕಡೆಗೆ, ವಿರೋಧ ಪಕ್ಷದ ಬೆಂಬಲಿಗ 8 ಹೆಜ್ಜೆ ಇನ್ನೊಂದು ಕಡೆಗೆ ನಿಂತಿದ್ದಾರೆ. ಇಬ್ಬರೂ ಅಳೆಯುವುದು ಸೊನ್ನೆಯಿಂದಲ್ಲ, ತಾವು ನಿಂತ ಜಾಗದಿಂದ. ಪತ್ರಿಕೆ ಸೊನ್ನೆಯಲ್ಲಿದ್ದರೆ ಇಬ್ಬರಿಗೂ 8 ಹೆಜ್ಜೆ ದೂರ, ಇಬ್ಬರೂ ದೂರುತ್ತಾರೆ. ಈಗ ಪತ್ರಿಕೆಯನ್ನು ಆಡಳಿತ ಪಕ್ಷದ ಕಡೆಗೆ 3 ಹೆಜ್ಜೆ ಸರಿಸಿ: ಮೊದಲನೆಯವನಿಗೆ ದೂರ 5, ಎರಡನೆಯವನಿಗೆ 11, ಆದರೂ ಇಬ್ಬರೂ ದೂರುತ್ತಲೇ ಇದ್ದಾರೆ. 7 ಹೆಜ್ಜೆ ಸರಿಸಿದರೂ ಮೊದಲನೆಯವನ ಕಣ್ಣಿಗೆ ಪತ್ರಿಕೆ ಇನ್ನೂ ಒಂದು ಹೆಜ್ಜೆ ಎದುರಾಳಿಯ ಕಡೆಗೇ ಇದೆ. ಹಾಗಾದರೆ ಎರಡೂ ಕಡೆಯ ಬೈಗುಳದಿಂದ ತಿಳಿಯುವುದು ಇಷ್ಟೇ: ಪತ್ರಿಕೆ ಆ 16 ಹೆಜ್ಜೆಗಳ ನಡುವೆ ಎಲ್ಲೋ ಇದೆ. ನಿಜವಾದ ಗ್ರಹಿಕೆ ಇಷ್ಟು ಅಚ್ಚುಕಟ್ಟಾದ ಗಣಿತವಲ್ಲ, ಆದರೂ ತರ್ಕ ಹಿಡಿಯಲು ಈ ಗೆರೆ ಸಾಕು. ಬೈಗುಳ ಪತ್ರಿಕೆಯನ್ನು ದೋಷಮುಕ್ತಗೊಳಿಸುವುದೂ ಇಲ್ಲ, ದೋಷಿಯೆಂದು ತೋರಿಸುವುದೂ ಇಲ್ಲ.

ಇದರ ಜೊತೆ ಗುಂಥರ್ ಮತ್ತು ಸ್ಮಿಟ್ 2004ರಲ್ಲಿ ಪ್ರಕಟಿಸಿದ ಪ್ರಯೋಗವನ್ನೂ ಓದಬೇಕು. ಕುಲಾಂತರಿ ಆಹಾರದ ಪರ ಮತ್ತು ವಿರೋಧ ಇದ್ದವರಿಗೆ ಒಂದೇ ಬರಹವನ್ನು ಕೆಲವರಿಗೆ ಪತ್ರಿಕಾ ವರದಿಯೆಂದೂ, ಕೆಲವರಿಗೆ ವಿದ್ಯಾರ್ಥಿಯ ಪ್ರಬಂಧವೆಂದೂ ಕೊಟ್ಟರು. ಹಗೆಯ ಗ್ರಹಿಕೆ ಕಾಣಿಸಿಕೊಂಡದ್ದು ಪತ್ರಿಕಾ ವರದಿಯಲ್ಲಿ, ಪ್ರಬಂಧದಲ್ಲಲ್ಲ. ಇದನ್ನು ಬಹಳ ಜನ ಓದುತ್ತಾರೆ ಎಂಬ ಎಣಿಕೆಯೇ ಓದುಗನನ್ನು ಎಚ್ಚರಿಸುತ್ತಿರಬಹುದು. ಸ್ಥಳೀಯ ಪತ್ರಿಕೆಯಲ್ಲಿ ಆ ಜನರೆಂದರೆ ಅಕ್ಕಪಕ್ಕದ ಮನೆಯವರೇ. ಅಲ್ಲಿ ದೂರು ಇಷ್ಟು ಬಿಸಿಯಾಗಿರುವುದಕ್ಕೆ ಇದೂ ಕಾರಣ ಎಂಬುದು ನನ್ನ ಅಭಿಪ್ರಾಯ.

ಬೈಗುಳ ಬಿಟ್ಟು ಪದಗಳನ್ನು ಎಣಿಸುವುದು

ಗೆಂಟ್ಸ್ಕೋ ಮತ್ತು ಶಪಿರೋ 2010ರಲ್ಲಿ ಮಾಡಿದ್ದು ಇದನ್ನೇ. ಅಮೆರಿಕದ ಸಂಸತ್ತಿನಲ್ಲಿ ಯಾವ ಪಕ್ಷದವರು ಯಾವ ನುಡಿಗಟ್ಟನ್ನು ಹೆಚ್ಚು ಬಳಸುತ್ತಾರೆಂದು ಗುರುತಿಸಿ, ಅವು ದಿನಪತ್ರಿಕೆಗಳಲ್ಲಿ ಎಷ್ಟು ಬಾರಿ ಬರುತ್ತವೆಂದು ನೋಡಿದರು. ಸತ್ತವರು ಬಿಟ್ಟುಹೋದ ಆಸ್ತಿಯ ಮೇಲಿನ ಒಂದೇ ತೆರಿಗೆಯನ್ನು ಒಬ್ಬರು ‘ಸಾವಿನ ತೆರಿಗೆ’ ಎಂದರೆ ಇನ್ನೊಬ್ಬರು ‘ಎಸ್ಟೇಟ್ ತೆರಿಗೆ’ ಎನ್ನುತ್ತಿದ್ದರು. ಪತ್ರಿಕೆಯ ಧಾಟಿ ಅದರ ಓದುಗರ ಒಲವನ್ನು ಬಲವಾಗಿ ಅನುಸರಿಸುತ್ತದೆ, ಮಾಲೀಕ ಯಾರೆಂಬುದರ ಪಾತ್ರ ಕಡಿಮೆ ಎಂಬುದು ಅವರು ಕಂಡ ಫಲಿತಾಂಶ.

ಕನ್ನಡದಲ್ಲಿ ಈ ಎಣಿಕೆಗೆ ಕ್ರಿಯಾಪದಗಳೇ ಒಳ್ಳೆಯ ಸಾಮಗ್ರಿ. ಒಬ್ಬ ಸದಸ್ಯ ‘ಸ್ಪಷ್ಟಪಡಿಸಿದರು’ ಎಂದು ಬರೆದರೆ ಅವರು ಹೇಳಿದ್ದು ನಿಜವೆಂದು ಪತ್ರಿಕೆ ಅರ್ಧ ಒಪ್ಪಿದಂತೆ. ಅದೇ ಮಾತಿಗೆ ‘ಸಮಜಾಯಿಷಿ ನೀಡಿದರು’ ಎಂದರೆ ಅವರು ತಪ್ಪು ಮಾಡಿ ಸಿಕ್ಕಿಬಿದ್ದಿದ್ದಾರೆ ಎಂಬ ಛಾಯೆ ಬರುತ್ತದೆ. ‘ಆರೋಪಿಸಿದರು’ ಎಂಬಲ್ಲಿ ಇರುವ ಸಂಯಮ ‘ಹರಿಹಾಯ್ದರು’ ಎಂಬಲ್ಲಿ ಇಲ್ಲ. ಶೀರ್ಷಿಕೆಯಲ್ಲಂತೂ ಒಂದು ಅಕ್ಷರ ಸಾಕು: ‘ನೀರಿನ ಕರ ಏರಿಕೆ’ ಎಂಬುದು ನಡೆದ ಸಂಗತಿ, ‘ನೀರಿನ ಕರ ಹೇರಿಕೆ’ ಎಂಬುದು ತೀರ್ಪು. ಒಂದು ತಿಂಗಳ ಸಂಚಿಕೆಗಳನ್ನು ತೆಗೆದುಕೊಂಡು, ಪಕ್ಷದ ಹೆಸರುಗಳನ್ನು ಇನ್ನೊಬ್ಬರಿಂದ ಮುಚ್ಚಿಸಿ, ಕ್ರಿಯಾಪದಗಳನ್ನು ಮಾತ್ರ ಗುರುತು ಹಾಕಿ. ಹೆಸರುಗಳನ್ನು ಆಮೇಲೆ ತೆರೆಯಿರಿ. ಮುಚ್ಚದೆ ಎಣಿಸಿದರೆ ನಿಮ್ಮ 8 ಹೆಜ್ಜೆಗಳು ಎಣಿಕೆಯೊಳಗೆ ಸೇರಿಕೊಳ್ಳುತ್ತವೆ.

ಜಾಗದ ಹಂಚಿಕೆಯನ್ನು ಅಳೆಯುವಾಗ ಅಧಿಕಾರದಲ್ಲಿರುವವರು ಉದ್ಘಾಟನೆ, ಪರಿಶೀಲನೆ, ಆದೇಶಗಳಿಂದ ಸಹಜವಾಗಿಯೇ ಹೆಚ್ಚು ಸುದ್ದಿಯಾಗುತ್ತಾರೆ ಎಂಬುದನ್ನು ಕಳೆದು ನೋಡಬೇಕು.

ಅಚ್ಚಾಗದೆ ಉಳಿದದ್ದನ್ನು ಎಣಿಸುವುದು ಎಲ್ಲಕ್ಕಿಂತ ಕಷ್ಟ, ಆದರೆ ಸ್ಥಳೀಯ ಸುದ್ದಿಯಲ್ಲಿ ಒಂದು ಅನುಕೂಲವಿದೆ. ಸ್ಥಳೀಯ ಸಂಸ್ಥೆಯ ಸಭೆಗೆ ಕಾರ್ಯಸೂಚಿ ಇರುತ್ತದೆ, ನಡಾವಳಿ ಇರುತ್ತದೆ. ಕಾರ್ಯಸೂಚಿಯಲ್ಲಿ 14 ವಿಷಯಗಳಿದ್ದು ಪತ್ರಿಕೆಯಲ್ಲಿ 3 ಬಂದಿದ್ದರೆ, ಉಳಿದ 11 ಯಾವುವೆಂದು ಹೆಸರಿಟ್ಟು ಪಟ್ಟಿ ಮಾಡಬಹುದು. ಬಿಟ್ಟುಹೋದದ್ದಕ್ಕೆಲ್ಲ ಒಲವೇ ಕಾರಣವಲ್ಲ. ಒಬ್ಬನೇ ವರದಿಗಾರ ಮೂರು ಕಡೆ ಓಡಾಡುವ ಪತ್ರಿಕೆಯಲ್ಲಿ ಕೈಗಳ ಕೊರತೆಯಿಂದಲೂ ಬಿಟ್ಟುಹೋಗುತ್ತದೆ. ಕೆಲವು ತಿಂಗಳ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟಾಗ ಎರಡರ ನಡುವಿನ ವ್ಯತ್ಯಾಸ ಕಾಣುತ್ತದೆ: ಕೈಗಳ ಕೊರತೆಯಿಂದ ಬಿಟ್ಟುಹೋದವುಗಳಲ್ಲಿ ಆ ಪಕ್ಷಕ್ಕೆ ಮುಜುಗರ ತರುವವೂ ಈ ಪಕ್ಷಕ್ಕೆ ಮುಜುಗರ ತರುವವೂ ಬೆರೆತಿರುತ್ತವೆ, ಒಲವಿನಿಂದ ಬಿಟ್ಟವು ಮತ್ತೆ ಮತ್ತೆ ಒಂದೇ ಪಕ್ಷಕ್ಕೆ ಮುಜುಗರ ತರುವಂಥವಾಗಿರುತ್ತವೆ.